ಒಂದೇ ದ್ರಾಕ್ಷಿ, ಎರಡು ಹವೆ: ಜೋಡಿ ಗ್ಲಾಸ್ ವೈನ್ ಟೇಸ್ಟಿಂಗ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ವೈನ್ ಬಗ್ಗೆ ಸ್ವಲ್ಪವಾದರೂ ಕುತೂಹಲ ಇದ್ದರೆ, ಇಂಥ ಟೇಸ್ಟಿಂಗ್ ಸಿಕ್ಕಾಗ ಬಿಡಬೇಡಿ. ಕೊರತೆಗಳಿವೆ, ಅದರಲ್ಲಿ ಒಂದು ದೊಡ್ಡದೇ, ಅದನ್ನೂ ಹೇಳುತ್ತೇನೆ. ಆದರೂ ಹೋಗಿ.

ಏರ್ಪಾಡು ಸರಳ. ಒಂದೇ ಜಾತಿಯ ದ್ರಾಕ್ಷಿಯಿಂದ ಮಾಡಿದ ಎರಡು ವೈನ್. ಒಂದು ತಂಪು ಸೀಮೆಯದು, ಇನ್ನೊಂದು ಬಿಸಿಲು ಜಾಸ್ತಿ ಇರುವ ಕಡೆಯದು. ಎರಡನ್ನೂ ಪಕ್ಕಪಕ್ಕದ ಗ್ಲಾಸ್‌ನಲ್ಲಿ ಸುರಿದು ಮುಂದೆ ಇಡುತ್ತಾರೆ. ಹೀಗೆ ಮೂರು ಜೋಡಿ: ರೀಸ್ಲಿಂಗ್, ಸೋವಿನ್ಯೋನ್ ಬ್ಲಾಂ, ಸಿರಾ. ಜೊತೆಗೆ ತೋಟಗಳಿರುವ ಜಾಗದ ನಕ್ಷೆ, ಮಳೆ ಮತ್ತು ತಾಪಮಾನದ ಒಂದು ಸಣ್ಣ ಹಾಳೆ. ಮೆಡಲ್, ರೇಟಿಂಗ್, ಯಾರು ಎಷ್ಟು ಅಂಕ ಕೊಟ್ಟರು ಅನ್ನುವ ಮಾತೇ ಇಲ್ಲ. ಅದೇ ನನಗೆ ಇಷ್ಟವಾಗಿದ್ದು. ಒಂದೇ ಗ್ಲಾಸ್ ಕುಡಿದು 'ಇದು ಹುಳಿ ಇದೆಯಾ' ಅಂತ ಕೇಳಿದರೆ ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಎರಡಿದ್ದರೆ ಯಾವುದು ಹೆಚ್ಚು ಹುಳಿ ಅಂತ ನಾಲಿಗೆ ತಕ್ಷಣ ಹೇಳುತ್ತದೆ, ಅಲ್ವಾ?

ಮೊದಲ ಜೋಡಿ ರೀಸ್ಲಿಂಗ್. ತಂಪು ಕಡೆಯದು ಜರ್ಮನಿಯ ಮೋಸೆಲ್ ಕಣಿವೆಯದು, ಬಿಸಿಲಿನ ಕಡೆಯದು ದಕ್ಷಿಣ ಆಸ್ಟ್ರೇಲಿಯಾದ ಕ್ಲೇರ್ ವ್ಯಾಲಿಯದು. ಮೋಸೆಲ್ ಇರುವುದು ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜಗತ್ತಿನ ಹೆಚ್ಚಿನ ವೈನ್ ತೋಟಗಳು ಎರಡೂ ಗೋಳಾರ್ಧದಲ್ಲಿ 30ರಿಂದ 50 ಡಿಗ್ರಿ ನಡುವೆ ಇವೆ, ಹಾಗಾಗಿ ಇದು ಆ ಪಟ್ಟಿಯ ತುದಿ. ಅಲ್ಲಿ ಬಿಸಿಲು ಅನ್ನುವುದು ಹುಡುಕಿ ಹಿಡಿಯಬೇಕಾದ ವಸ್ತು. ಅದಕ್ಕೇ ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರುಗಳ ಮೇಲೆ ಬಳ್ಳಿ ನೆಟ್ಟಿದ್ದಾರೆ. ಬ್ರೆಮ್ ಹಳ್ಳಿಯ ಕಾಲ್ಮೋಂಟ್ ತೋಟದ ಕೆಲವು ಭಾಗ ನಿಂತು ಕೆಲಸ ಮಾಡಲೂ ಕಷ್ಟವಾಗುವಷ್ಟು ಕಡಿದು. ಇಳಿಜಾರಿನಲ್ಲಿ ಬಿಸಿಲು ನೇರವಾಗಿ ಬೀಳುತ್ತದೆ. ಕೆಳಗಿನ ನದಿ ಒಂದಿಷ್ಟು ಬೆಳಕನ್ನು ಮೇಲಕ್ಕೆ ತಿರುಗಿಸುತ್ತದೆ, ಚಳಿಯ ಏಟನ್ನೂ ಸ್ವಲ್ಪ ತಗ್ಗಿಸುತ್ತದೆ. ಕಪ್ಪು ಸ್ಲೇಟ್ ಕಲ್ಲಿನ ಚೂರುಗಳು ಹಗಲು ಕಾದು ಸಂಜೆ ನಿಧಾನಕ್ಕೆ ಶಾಖ ಬಿಡುತ್ತವೆ. ಇಷ್ಟೆಲ್ಲ ಸೇರಿದರೆ ಮಾತ್ರ ಅಲ್ಲಿ ರೀಸ್ಲಿಂಗ್ ಹಣ್ಣಾಗುತ್ತದೆ, ಅದೂ ಶರತ್ಕಾಲದವರೆಗೆ ನಿಧಾನವಾಗಿ.

ನಿಧಾನ ಅನ್ನುವುದೇ ಇಲ್ಲಿ ಮುಖ್ಯ. ದ್ರಾಕ್ಷಿ ಹಣ್ಣಾಗುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಎಲೆಗಳು ಬಿಸಿಲಿನಲ್ಲಿ ಸಕ್ಕರೆ ಮಾಡಿ ಗೊಂಚಲಿಗೆ ಕಳಿಸುತ್ತವೆ. ಅದೇ ಹೊತ್ತಿಗೆ ಹಣ್ಣು ತನ್ನೊಳಗಿನ ಹುಳಿಯನ್ನು ಖರ್ಚು ಮಾಡುತ್ತಾ ಬರುತ್ತದೆ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಇರುವ ಹುಳಿ ಎರಡು, ಟಾರ್ಟಾರಿಕ್ ಮತ್ತು ಮ್ಯಾಲಿಕ್. ಟಾರ್ಟಾರಿಕ್ ಗಟ್ಟಿ ಪಿಂಡ, ಬಿಸಿಲಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮ್ಯಾಲಿಕ್ ಮಾತ್ರ, ಅಂದರೆ ಹಸಿರು ಸೇಬಿನಲ್ಲಿ ಹಲ್ಲು ಜುಮ್ಮೆನ್ನಿಸುವ ಆ ಹುಳಿ, ಸೆಕೆ ಹೆಚ್ಚಿದಷ್ಟೂ ಬೇಗ ಕರಗುತ್ತದೆ, ರಾತ್ರಿಯೂ ಸೆಕೆ ಇದ್ದರೆ ಇನ್ನೂ ಬೇಗ. ಮೋಸೆಲ್‌ನ ಗ್ಲಾಸ್‌ನಲ್ಲಿ ಹಸಿರು ಸೇಬು, ಬಿಳಿ ಹೂವಿನ ಘಮ, ನಾಲಿಗೆಯ ಎರಡೂ ಬದಿಯಲ್ಲಿ ನೀರೂರಿಸುವ ಹುಳಿ, ಎಲ್ಲ ಎದ್ದು ಕಾಣುತ್ತಿತ್ತು.

ಕ್ಲೇರ್ ವ್ಯಾಲಿಯ ಗ್ಲಾಸ್ ಮೂಗಿನ ಹತ್ತಿರ ತಂದ ಕೂಡಲೇ ಬೇರೆ ಜಗತ್ತು. ನಿಂಬೆ ಸಿಪ್ಪೆ ಕೆರೆದಾಗ ಬರುವ ಖಾರದ ವಾಸನೆ, ಅದರ ಹಿಂದೆ ಸಣ್ಣಗೆ ಸೀಮೆಎಣ್ಣೆ. ಹೌದು, ಸೀಮೆಎಣ್ಣೆಯೇ. ಕೆಟ್ಟುಹೋಗಿದೆ ಅಂತ ಪಕ್ಕದವರು ಗ್ಲಾಸ್ ವಾಪಸ್ ಕೊಡಲು ಹೊರಟಿದ್ದರು. ಅದು ಕೆಟ್ಟಿದ್ದಲ್ಲ. ಬಿಸಿಲು ನೇರವಾಗಿ ಬಿದ್ದ ಹಣ್ಣಿನಲ್ಲಿ ಕೆಲವು ವಸ್ತುಗಳು ಹೆಚ್ಚಾಗುತ್ತವೆ, ಬಾಟಲಿಯಲ್ಲಿ ವರ್ಷ ಕಳೆದಂತೆ ಅವು ಟಿಡಿಎನ್ ಅನ್ನುವ ಘಮದ ವಸ್ತುವಾಗಿ ಬದಲಾಗುತ್ತವೆ. ರೀಸ್ಲಿಂಗ್‌ನಲ್ಲಿ ಇದು ಬೇರೆ ದ್ರಾಕ್ಷಿಗಳಿಗಿಂತ ಜಾಸ್ತಿ, ಬಿಸಿಲು ಸೀಮೆಯ ರೀಸ್ಲಿಂಗ್‌ನಲ್ಲಿ ಇನ್ನೂ ಜಾಸ್ತಿ. ಇದನ್ನು ನಡೆಸಿಕೊಡುತ್ತಿದ್ದವರು ಚೆನ್ನಾಗಿ ವಿವರಿಸಿದರು, ಅದಕ್ಕೆ ಪೂರ್ತಿ ಅಂಕ. ಇನ್ನೊಂದು ಒಳ್ಳೆಯ ಮಾತನ್ನೂ ಅವರೇ ಹೇಳಿದರು. ಅಷ್ಟು ಬಿಸಿಲಿದ್ದರೂ ಕ್ಲೇರ್ ವೈನ್‌ನಲ್ಲಿ ಹುಳಿ ಹೇಗೆ ಉಳಿಯಿತು? ಅಲ್ಲಿನ ತೋಟಗಳು ಸಮುದ್ರ ಮಟ್ಟಕ್ಕಿಂತ 400, 500 ಮೀಟರ್ ಎತ್ತರದಲ್ಲಿವೆ, ಹಗಲು ಸುಡುತ್ತದೆ, ರಾತ್ರಿ ತಣ್ಣಗಾಗುತ್ತದೆ. ಹಗಲು ಸಕ್ಕರೆ ಕೂಡಿಕೊಳ್ಳುತ್ತದೆ, ರಾತ್ರಿ ಹುಳಿ ಉಳಿದುಕೊಳ್ಳುತ್ತದೆ.

ಈಗ ನನ್ನ ತಕರಾರು. ಈ ಜೋಡಿಯ ಆಯ್ಕೆ ಸರಿಯಿಲ್ಲ. ಮೋಸೆಲ್‌ನಿಂದ ತಂದದ್ದು ಕಾಬಿನೆಟ್ ಅನ್ನುವ ದರ್ಜೆಯದು, ಅದರಲ್ಲೂ ಸ್ವಲ್ಪ ಸಿಹಿ ಉಳಿಸಿದ ವೈನ್, ಲೇಬಲ್ ಮೇಲೆ ಆಲ್ಕೋಹಾಲ್ ಶೇಕಡಾ 8.5. ಕ್ಲೇರ್‌ನದು ಪೂರ್ತಿ ಡ್ರೈ, ಅಂದರೆ ಸಿಹಿ ಉಳಿಸದ್ದು, ಶೇಕಡಾ 12. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಆಲ್ಕೋಹಾಲ್ ಆಗುತ್ತದೆ. ಹಾಗಾಗಿ ಆಲ್ಕೋಹಾಲ್ ನೋಡಿ ಹಣ್ಣಿನಲ್ಲಿ ಎಷ್ಟು ಸಕ್ಕರೆ ಇತ್ತು, ಅಲ್ಲಿ ಎಷ್ಟು ಬಿಸಿಲಿತ್ತು ಅಂತ ಅಂದಾಜು ಮಾಡಬಹುದು. ಆದರೆ ಸಕ್ಕರೆ ಪೂರ್ತಿ ಖರ್ಚಾಗುವ ಮುಂಚೆಯೇ ಹುದುಗು ನಿಲ್ಲಿಸಿಬಿಟ್ಟರೆ ಆ ಲೆಕ್ಕ ತಪ್ಪುತ್ತದೆ. ಕಾಬಿನೆಟ್‌ನ ಕಡಿಮೆ ಆಲ್ಕೋಹಾಲ್‌ನಲ್ಲಿ ಅರ್ಧ ಹವೆಯ ಕೈವಾಡ, ಅರ್ಧ ವೈನ್ ಮಾಡಿದವರ ನಿರ್ಧಾರ. ಅಲ್ಲಿದ್ದ ಬಹಳ ಜನ 'ತಂಪು ಕಡೆಯ ವೈನ್ ಅಂದರೆ ಸಿಹಿ' ಅಂದುಕೊಂಡು ಎದ್ದು ಹೋದರು. ನಿಜವಾಗಿ ಅದು ಉಲ್ಟಾ. ತಂಪಿನಲ್ಲಿ ಹಣ್ಣಿಗೆ ಸಕ್ಕರೆ ಕಡಿಮೆ ಕೂಡುತ್ತದೆ, ಹುಳಿ ಜಾಸ್ತಿ ಉಳಿಯುತ್ತದೆ, ಆ ಹುಳಿಗೆ ಸಮ ಮಾಡಲು ಒಂದಿಷ್ಟು ಸಿಹಿ ಬಿಡುತ್ತಾರೆ. ಮೋಸೆಲ್‌ನಲ್ಲೇ 'ಟ್ರೋಕನ್' ಅಂತ ಬರೆದ ಡ್ರೈ ರೀಸ್ಲಿಂಗ್ ಸಿಗುತ್ತದೆ. ಅದನ್ನು ಇಟ್ಟಿದ್ದರೆ ಹೋಲಿಕೆ ನೇರವಾಗಿರುತ್ತಿತ್ತು.

ಎರಡನೇ ಜೋಡಿ ಸೋವಿನ್ಯೋನ್ ಬ್ಲಾಂ. ಫ್ರಾನ್ಸಿನ ಲ್ವಾರ್ ನದಿ ದಂಡೆಯ ಸಾನ್ಸೇರ್, ಮತ್ತು ನ್ಯೂಜಿಲೆಂಡ್‌ನ ಮಾರ್ಲ್‌ಬರೋ. ಹೊಸಬರಿಗೆ ಅತಿ ಸುಲಭವಾಗಿ ಅರ್ಥವಾಗುವ ಜೋಡಿ ಇದು, ಯಾಕೆಂದರೆ ಮಾರ್ಲ್‌ಬರೋ ಗ್ಲಾಸ್ ಕೂಗಿ ಮಾತಾಡುತ್ತದೆ. ಪ್ಯಾಶನ್ ಫ್ರೂಟ್, ಚಕೋತ, ಆಗಷ್ಟೇ ಕೊಯ್ದ ಹುಲ್ಲು, ಹಸಿ ದಪ್ಪ ಮೆಣಸಿನಕಾಯಿ. ಸಾನ್ಸೇರ್ ತಣ್ಣಗೆ, ಮಿತವಾಗಿ, ನಿಂಬೆ ಮತ್ತು ಒದ್ದೆ ಕಲ್ಲಿನ ವಾಸನೆಯಲ್ಲೇ ನಿಲ್ಲುತ್ತದೆ. ದಪ್ಪ ಮೆಣಸಿನಕಾಯಿಯ ಆ ಹಸಿ ವಾಸನೆಗೆ ಕಾರಣ ಪೈರಜೀನ್ ಗುಂಪಿನ ವಸ್ತುಗಳು. ಹಣ್ಣು ಮಾಗಿದಷ್ಟೂ, ಗೊಂಚಲಿಗೆ ಬಿಸಿಲು ಬಿದ್ದಷ್ಟೂ ಅವು ಕಡಿಮೆಯಾಗುತ್ತವೆ. ಹಾಗಿದ್ದರೆ ಬಿಸಿಲಿಗೆ ಹೆಸರಾದ ಮಾರ್ಲ್‌ಬರೋದಲ್ಲಿ ಹಸಿ ವಾಸನೆ ಯಾಕೆ? ಬಿಸಿಲು ಇದೆ, ಆದರೆ ಸೆಕೆ ಇಲ್ಲ. ಬೆಳಕು ಪ್ರಖರ, ಸಮುದ್ರದ ಗಾಳಿ ತಂಪು, ರಾತ್ರಿಗಳು ತಣ್ಣಗೆ. ಹಾಗಾಗಿ ಒಂದೇ ಗ್ಲಾಸ್‌ನಲ್ಲಿ ಮಾಗಿದ ಹಣ್ಣೂ ಹಸಿ ಎಲೆಯೂ ಒಟ್ಟಿಗೆ ಸಿಗುತ್ತವೆ. ಬೆಳಕು ಬೇರೆ, ಶಾಖ ಬೇರೆ ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸುವ ವೈನ್ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಅಲ್ಲಿ ವ್ಯಾಪಾರಕ್ಕಾಗಿ ದೊಡ್ಡ ತೋಟಗಳನ್ನು ಹಾಕಲು ಶುರು ಮಾಡಿದ್ದೇ 1973ರಲ್ಲಿ. ಸಾನ್ಸೇರ್‌ನಲ್ಲಿ ದ್ರಾಕ್ಷಿ ಕೃಷಿಗೆ ಶತಮಾನಗಳ ಇತಿಹಾಸ.

ಇಲ್ಲೇ ನನಗೆ ಬೇಸರವಾಗಿದ್ದು. ಸಾನ್ಸೇರ್ ಬಂದ ಕೂಡಲೇ ಮಾತು ಪೂರ್ತಿ ಕಲ್ಲಿನ ಕಡೆ ಹೊರಳಿತು. ಸುಣ್ಣಕಲ್ಲು, ಬೆಣಚುಕಲ್ಲು, ಕೋಟ್ಯಂತರ ವರ್ಷದ ಹಿಂದಿನ ಚಿಪ್ಪುಗಳು, ಬೇರು ಕಲ್ಲಿನ ರುಚಿಯನ್ನು ಹೀರಿ ಗ್ಲಾಸ್‌ಗೆ ತರುತ್ತದೆ ಅಂತ ಕತೆ. ಕಲ್ಲಿನ ಚೂರುಗಳನ್ನು ಕೈಯಿಂದ ಕೈಗೆ ದಾಟಿಸಿ ಮೂಸಲೂ ಹೇಳಿದರು. ಕೇಳಲು ಚೆಂದ. ಆದರೆ ಬೇರು ಹೀರುವುದು ನೀರಿನಲ್ಲಿ ಕರಗಿದ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಥರದ ಲವಣಾಂಶಗಳನ್ನು. ಕಲ್ಲಿಗೆ ತನ್ನದೇ ರುಚಿ, ವಾಸನೆ ಇಲ್ಲವೇ ಇಲ್ಲ ಅನ್ನಬಹುದು, ಅದು ಬಳ್ಳಿಯೊಳಗೆ ಹತ್ತಿ ಹಣ್ಣು ಸೇರುವ ದಾರಿಯೂ ಇಲ್ಲ. ಒದ್ದೆ ಕಲ್ಲಿನ ನೆನಪು ತರುವ ಘಮ ಗ್ಲಾಸ್‌ನಲ್ಲಿ ಇರುವುದು ನಿಜ, ನನಗೂ ಬಂತು. ಅದು ಹುಳಿ ಮತ್ತು ಹುದುಗಿನ ಕೆಲಸದಿಂದ ಹುಟ್ಟಿದ್ದು, ನೆಲದಿಂದ ನೇರವಾಗಿ ಎದ್ದು ಬಂದದ್ದಲ್ಲ.

ಹಾಗಂತ ಮಣ್ಣಿಗೆ ಬೆಲೆ ಇಲ್ಲ ಅಂತಲ್ಲ. ಬಹಳ ಇದೆ. ಆದರೆ ಅದು ಕೆಲಸ ಮಾಡುವುದು ನೀರು ಮತ್ತು ಶಾಖದ ಮೂಲಕ. ಫ್ರಾನ್ಸಿನ ಬೋರ್ಡೋದಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು. ಜಿರೋಂಡ್ ನದಿಯ ಎಡದಂಡೆಯಲ್ಲಿ ಜಲ್ಲಿಕಲ್ಲು ತುಂಬಿದ ನೆಲ, ನೀರು ನಿಲ್ಲುವುದಿಲ್ಲ, ಬೇಗ ಕಾಯುತ್ತದೆ. ತಡವಾಗಿ ಮಾಗುವ ಕಾಬರ್ನೆ ಸೋವಿನ್ಯೋನ್‌ಗೆ ಆ ಹೆಚ್ಚುವರಿ ಶಾಖ ಬೇಕೇ ಬೇಕು. ಬಲದಂಡೆಯ ಪೊಮೆರೋಲ್ ಕಡೆ ಜೇಡಿಮಣ್ಣು, ತಣ್ಣಗೆ, ನೀರು ಹಿಡಿದುಕೊಳ್ಳುತ್ತದೆ, ಅಲ್ಲಿ ಬೇಗ ಮಾಗುವ ಮೆರ್ಲೋ ಚೆನ್ನಾಗಿ ಬರುತ್ತದೆ. ಹವೆ ಹೆಚ್ಚುಕಡಿಮೆ ಒಂದೇ, ನೆಲ ಬೇರೆ, ಅದಕ್ಕೆ ದ್ರಾಕ್ಷಿಯೇ ಬೇರೆ. ನೀರಿನ ವಿಷಯವಂತೂ ಇಡೀ ಟೇಸ್ಟಿಂಗ್‌ನಲ್ಲಿ ಯಾರೂ ಎತ್ತಲಿಲ್ಲ. ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಬಳ್ಳಿಗೆ ನೀರು ಸ್ವಲ್ಪ ಕಡಿಮೆಯಾದರೆ ಚಿಗುರುವುದನ್ನು ನಿಲ್ಲಿಸಿ ಹಣ್ಣಿನ ಕಡೆ ಗಮನ ಕೊಡುತ್ತದೆ. ಕಾಳು ಸಣ್ಣದಾಗುತ್ತದೆ. ಸಣ್ಣ ಕಾಳಿನಲ್ಲಿ ರಸಕ್ಕೆ ಹೋಲಿಸಿದರೆ ಸಿಪ್ಪೆ ಜಾಸ್ತಿ. ಬಣ್ಣ, ಒಗರು, ಘಮದ ಬಹುಪಾಲು ಇರುವುದು ಸಿಪ್ಪೆಯಲ್ಲೇ. ಕೊಯ್ಲಿನ ಹೊತ್ತಿಗೆ ಜೋರು ಮಳೆ ಹುಯ್ದರೆ ಇದೆಲ್ಲ ತಲೆಕೆಳಗು, ಕಾಳು ಊದಿ ರಸ ತೆಳ್ಳಗಾಗುತ್ತದೆ, ಗೊಂಚಲು ಕೊಳೆಯಲೂ ಶುರುವಾಗುತ್ತದೆ. ಸುಮ್ನೆ ಕಲ್ಲು ಮೂಸುವುದಕ್ಕೆ ಕೊಟ್ಟ ಸಮಯದಲ್ಲಿ ಅರ್ಧವನ್ನು ನೀರಿಗೆ ಕೊಟ್ಟಿದ್ದರೆ ಜನರಿಗೆ ಹೆಚ್ಚು ಉಪಯೋಗವಾಗುತ್ತಿತ್ತು.

ಮೂರನೇ ಜೋಡಿಗೆ ಬರೋಣ. ಇದೊಂದಕ್ಕಾಗಿಯೇ ಹೋದರೂ ಸಾರ್ಥಕ. ಸಿರಾ, ಆಸ್ಟ್ರೇಲಿಯಾದವರ ಬಾಯಲ್ಲಿ ಶಿರಾಜ್. ತಂಪು ಗ್ಲಾಸ್ ಫ್ರಾನ್ಸಿನ ಉತ್ತರ ರೋನ್ ಕಣಿವೆಯ ಸ್ಯಾಂ ಜೋಸೆಫ್, ಬಿಸಿಲಿನ ಗ್ಲಾಸ್ ದಕ್ಷಿಣ ಆಸ್ಟ್ರೇಲಿಯಾದ ಬರೋಸಾ. ಬಣ್ಣದಲ್ಲೇ ವ್ಯತ್ಯಾಸ ಶುರು. ಗ್ಲಾಸ್ ಓರೆ ಮಾಡಿ ಬಿಳಿ ಹಾಳೆಯ ಮೇಲೆ ಹಿಡಿದರೆ ರೋನ್‌ನದು ಅಂಚಿನಲ್ಲಿ ನೇರಳೆ, ನಡುವೆ ಹಾಳೆಯ ಅಕ್ಷರ ಮಸುಕಾಗಿ ಕಾಣುತ್ತದೆ. ಬರೋಸಾದ್ದು ಶಾಯಿ, ಏನೂ ಕಾಣುವುದಿಲ್ಲ. ಮೂಗಿಗೆ ಹಿಡಿದರೆ ರೋನ್ ಗ್ಲಾಸ್‌ನಿಂದ ಆಗ ತಾನೇ ಕುಟ್ಟಿದ ಕರಿಮೆಣಸಿನ ವಾಸನೆ. ಉಪಮೆಗೆ ಹೇಳಿದ್ದಲ್ಲ. ಕರಿಮೆಣಸಿನಲ್ಲಿರುವ ರೊಟುಂಡೋನ್ ಅನ್ನುವ ಅದೇ ವಸ್ತು ಸಿರಾ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನು 2008ರಲ್ಲಿ ಪ್ರಕಟಿಸಿದರು. ತಂಪು ತೋಟದಲ್ಲಿ, ತಂಪು ವರ್ಷದಲ್ಲಿ, ಗೊಂಚಲಿನಲ್ಲೂ ನೆರಳಿನ ಕಡೆಯ ಕಾಳುಗಳಲ್ಲಿ ಇದು ಜಾಸ್ತಿ. ಸೆಕೆ ಹೆಚ್ಚಾದರೆ ಕಡಿಮೆ. ಬರೋಸಾ ಗ್ಲಾಸ್‌ನಲ್ಲಿ ಮೆಣಸು ಹಿಂದೆ ಸರಿದು ಮಾಗಿದ ಪ್ಲಮ್, ಬ್ಲ್ಯಾಕ್‌ಬೆರಿ, ಚಾಕೊಲೇಟ್ ಮುಂದೆ ಬಂದಿತ್ತು. ಆಲ್ಕೋಹಾಲ್ ಶೇಕಡಾ 14.5, ನುಂಗಿದ ಮೇಲೆ ಗಂಟಲಲ್ಲಿ ಬಿಸಿ.

ಒಂದು ಮಾತು ಗಮನಿಸಿ. ರೊಟುಂಡೋನ್ ವಾಸನೆ ಸುಮಾರು ಐದರಲ್ಲಿ ಒಬ್ಬರಿಗೆ ಗೊತ್ತಾಗುವುದೇ ಇಲ್ಲ, ಎಷ್ಟು ಇದ್ದರೂ ಅಷ್ಟೇ. ನಿಮಗೆ ಮೆಣಸು ಸಿಗದಿದ್ದರೆ ನಿಮ್ಮ ಮೂಗಿಗೆ ಅನುಭವ ಸಾಲದು ಅಂದುಕೊಳ್ಳಬೇಡಿ. ನಡೆಸಿಕೊಡುವವರು ಇದನ್ನು ಮೊದಲೇ ಹೇಳಬೇಕಿತ್ತು. ನನ್ನ ಎದುರು ಕೂತಿದ್ದವರು ಎಲ್ಲರೂ ಮೆಣಸು ಮೆಣಸು ಅನ್ನುತ್ತಿರುವಾಗ ಸುಮ್ಮನೆ ತಲೆಯಾಡಿಸುತ್ತಿದ್ದರು, ಪಾಪ.

ಉತ್ತರ ರೋನ್‌ನ ಇಳಿಜಾರುಗಳು ಗ್ರಾನೈಟ್, ಕಡಿದು, ಕಟ್ಟೆ ಕಟ್ಟಿ ಬಳ್ಳಿ ನೆಟ್ಟ ಜಾಗ. ಉತ್ತರದಿಂದ ಮಿಸ್ಟ್ರಾಲ್ ಅನ್ನುವ ಒಣ ಚಳಿಗಾಳಿ ಜೋರಾಗಿ ಬೀಸುತ್ತದೆ. ಬಳ್ಳಿಗಳಿಗೆ ಗೂಟ ಕಟ್ಟದಿದ್ದರೆ ಮುರಿದೇ ಹೋಗುತ್ತವೆ. ಆದರೆ ಅದೇ ಗಾಳಿ ಮಳೆ ಬಂದ ಮೇಲೆ ಗೊಂಚಲನ್ನು ಒಣಗಿಸಿ ಬೂಷ್ಟು ಬರದಂತೆ ಕಾಯುತ್ತದೆ. ಬರೋಸಾಕ್ಕೆ ಆ ಚಿಂತೆ ಕಡಿಮೆ, ಬೇಸಿಗೆಯಲ್ಲಿ ಮಳೆಯೇ ಅಪರೂಪ. ಅಲ್ಲಿ ಇನ್ನೊಂದು ವಿಶೇಷವಿದೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನ ತೋಟಗಳನ್ನು ನೆಲಸಮ ಮಾಡಿದ ಫಿಲಾಕ್ಸೆರಾ ಕೀಟ ದಕ್ಷಿಣ ಆಸ್ಟ್ರೇಲಿಯಾಕ್ಕೆ ಕಾಲಿಟ್ಟಿಲ್ಲ. ಅದಕ್ಕೇ 1840ರ ದಶಕದಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಸ್ವಂತ ಬೇರಿನ ಮೇಲೆ ನಿಂತು ಇವತ್ತಿಗೂ ಫಲ ಕೊಡುತ್ತಿವೆ. ನಕ್ಷೆಯ ಹಾಳೆಯಲ್ಲಿ ಇದರ ಸುಳಿವೇ ಇರಲಿಲ್ಲ. ಕೀಟವೂ ಸುತ್ತಲಿನ ನಿಸರ್ಗದ ಭಾಗವೇ ಅಲ್ವಾ?

ಸೇವೆಯ ಬಗ್ಗೆ ಹೇಳಬೇಕಾದ್ದು ಸ್ವಲ್ಪ. ಬಿಳಿ ವೈನ್‌ಗಳನ್ನು ಫ್ರಿಜ್‌ನಿಂದ ತೆಗೆದು ಹಾಗೇ ಸುರಿದರು. ಅಷ್ಟು ತಣ್ಣಗಿದ್ದರೆ ಘಮ ಏಳುವುದಿಲ್ಲ, ಹುಳಿ ಮಾತ್ರ ಚುಚ್ಚುತ್ತದೆ. ಹವೆಯ ವ್ಯತ್ಯಾಸ ತೋರಿಸಲು ಕರೆದು ಆ ವ್ಯತ್ಯಾಸವನ್ನೇ ಚಳಿಯಲ್ಲಿ ಮುಚ್ಚಿದರೆ ಹೇಗೆ? ಗ್ಲಾಸ್ ಅನ್ನು ಎರಡೂ ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕಾದ ಮೇಲೆ ಸಾನ್ಸೇರ್ ಬಾಯಿ ಬಿಟ್ಟಿತು. ಕೆಂಪು ವೈನ್ ಇದಕ್ಕೆ ಉಲ್ಟಾ, ತೀರಾ ಬೆಚ್ಚಗಿತ್ತು, ಬರೋಸಾದ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತಿತ್ತು. ಗ್ಲಾಸ್‌ಗಳು ಸ್ವಚ್ಛ, ಒಂದೇ ಅಳತೆಯವು, ಉಗುಳಲು ಪಾತ್ರೆ, ಕುಡಿಯಲು ನೀರು ಎಲ್ಲ ಇತ್ತು. ಪ್ರಶ್ನೆ ಕೇಳಿದರೆ ಬೇಸರಿಸದೆ ಉತ್ತರಿಸಿದರು. ಅವಸರ ಮಾಡಲಿಲ್ಲ.

ಇನ್ನು ಸೇರಿಸಬೇಕಾದ್ದು. ಎತ್ತರದ ತೋಟದ ಒಂದು ವೈನ್ ಇರಲೇಬೇಕಿತ್ತು. ಅರ್ಜೆಂಟೀನಾದ ಮೆಂಡೋಸಾದಲ್ಲಿ ಆಂಡಿಸ್ ಬುಡದ ಉಕೊ ಕಣಿವೆಯಲ್ಲಿ ತೋಟಗಳು ಸುಮಾರು 1,000 ಮೀಟರ್ ಎತ್ತರದಲ್ಲಿ, ಕೆಲವು ಅದಕ್ಕೂ ಮೇಲೆ ಇವೆ. ಅಷ್ಟು ಮೇಲೆ ನೇರಳಾತೀತ ಕಿರಣ ಜಾಸ್ತಿ, ಅದರಿಂದ ಕಾಪಾಡಿಕೊಳ್ಳಲು ಹಣ್ಣಿನ ಸಿಪ್ಪೆ ದಪ್ಪಗಾಗಿ ಬಣ್ಣ ಗಾಢವಾಗುತ್ತದೆ. ಮಳೆ ತೀರಾ ಕಡಿಮೆ, ಹಿಮ ಕರಗಿದ ನೀರೇ ಆಧಾರ. ಅಲ್ಲಿನ ಮಾಲ್ಬೆಕ್ ದ್ರಾಕ್ಷಿಯ ವೈನ್ ಅನ್ನು ಆ ದ್ರಾಕ್ಷಿಯ ತವರಾದ ಫ್ರಾನ್ಸಿನ ಕಾಓರ್‌ನ ಮಾಲ್ಬೆಕ್ ಪಕ್ಕ ಇಟ್ಟರೆ ಎತ್ತರದ ಪಾಠ ಒಂದೇ ಗುಟುಕಿನಲ್ಲಿ ಮುಗಿಯುತ್ತದೆ. ಮಂಜು ಮತ್ತು ಸಮುದ್ರದ ಮಾತೂ ಬೇಕಿತ್ತು. ಚಿಲಿಯ ಕಾಸಾಬ್ಲಾಂಕಾ ಕಣಿವೆ ಬರೀ ನಕ್ಷೆ ನೋಡಿದರೆ ಬಿಸಿ ಪ್ರದೇಶ ಅನಿಸುತ್ತದೆ, ಆದರೆ ತೀರದಲ್ಲಿ ಹರಿಯುವ ಹಂಬೋಲ್ಟ್ ಶೀತ ಪ್ರವಾಹದಿಂದ ಬೆಳಗಿನ ಮಂಜು ಒಳಗೆ ನುಗ್ಗಿ ತೋಟಗಳನ್ನು ತಣಿಸುತ್ತದೆ. ಅಕ್ಷಾಂಶ ಒಂದನ್ನೇ ನೋಡಿದರೆ ಇಂಥ ಜಾಗದ ವೈನ್ ಅರ್ಥವಾಗುವುದೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ವರ್ಷದ್ದು. ಮೊದಲಲ್ಲಿ ಹೇಳಿದೆನಲ್ಲ, ಒಂದು ದೊಡ್ಡ ಕೊರತೆ ಇದೆ ಅಂತ, ಅದು ಇದೇ. ತೋಟದ ಹವೆ ಅಂದರೆ ಎಂದೂ ಬದಲಾಗದ ಗುಣ ಅನ್ನುವ ಹಾಗೆ ಇಡೀ ಟೇಸ್ಟಿಂಗ್ ನಡೆಯಿತು. 2003ರ ಬೇಸಿಗೆಯಲ್ಲಿ ಯೂರೋಪಿನಲ್ಲಿ ಬಿಸಿಗಾಳಿ ಬೀಸಿದಾಗ ಫ್ರಾನ್ಸಿನ ಬರ್ಗಂಡಿಯಲ್ಲಿ ಆಗಸ್ಟ್‌ನಲ್ಲೇ ಕೊಯ್ಲು ಶುರುವಾಗಿತ್ತು. 2021ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಉದ್ದಗಲಕ್ಕೂ ಹಿಮ ಬಿದ್ದು ಆಗ ತಾನೇ ಒಡೆದ ಚಿಗುರು ಸುಟ್ಟುಹೋಯಿತು. ಶಾಬ್ಲಿಯಂಥ ಕಡೆ ಚಿಗುರಿನ ಮೇಲೆ ನೀರು ಚಿಮುಕಿಸಿ, ಮಂಜುಗಡ್ಡೆಯ ಪೊರೆ ಕಟ್ಟಿಸಿ ಒಳಗಿನ ಜೀವ ಉಳಿಸುವ ಉಪಾಯ ಇದೆ. ಆದರೂ ಆ ವರ್ಷ ನಷ್ಟ ಭಾರಿ. ಬರ್ಗಂಡಿಯ ಬೋನ್ ಪಟ್ಟಣದಲ್ಲಿ 1354ರಿಂದ ಕೊಯ್ಲಿನ ದಿನಾಂಕದ ದಾಖಲೆ ಇದೆ. ಅದನ್ನು ಲೆಕ್ಕ ಹಾಕಿದವರ ಪ್ರಕಾರ 1988ರಿಂದ ಈಚೆಗೆ ಕೊಯ್ಲು ಸರಾಸರಿ 13 ದಿನ ಮುಂಚೆ ಬರುತ್ತಿದೆ. ಬೋರ್ಡೋದಲ್ಲಿ 2021ರಲ್ಲಿ ಆರು ಹೊಸ ದ್ರಾಕ್ಷಿ ತಳಿಗಳಿಗೆ ಒಪ್ಪಿಗೆ ಸಿಕ್ಕಿತು. ಪೋರ್ಚುಗಲ್‌ನ ಟೂರಿಗಾ ನಾಸಿಯೊನಾಲ್ ಅದರಲ್ಲೊಂದು. ಹೆಸರು, ನಿಯಮ, ಹಳೆಯ ಪದ್ಧತಿಗೆ ಅಷ್ಟು ಗಟ್ಟಿಯಾಗಿ ಅಂಟಿಕೊಂಡಿದ್ದ ಜಾಗದಲ್ಲೇ ಹೀಗಾದರೆ, 'ತಂಪು ಸೀಮೆ', 'ಬಿಸಿಲು ಸೀಮೆ' ಅಂತ ನಕ್ಷೆಯಲ್ಲಿ ಬಣ್ಣ ಹಚ್ಚಿ ಕೊಟ್ಟ ಆ ಹಾಳೆಗೂ ಒಂದು ದಿನಾಂಕ ಬೇಕು. ನನಗೆ ಇದು ಬರೀ ಮಾಹಿತಿಯ ವಿಷಯವಲ್ಲ. ಮೋಸೆಲ್‌ನ ಆ ಹುಳಿ ನನಗೆ ತುಂಬಾ ಇಷ್ಟ, ಅದು ಇನ್ನೆಷ್ಟು ವರ್ಷ ಹೀಗೇ ಇರುತ್ತದೆ ಅನ್ನುವ ಆತಂಕವೂ ಇದೆ.

ಹಾಗಾಗಿ ಏರ್ಪಾಡು ಮಾಡಿದವರಿಗೆ ಬಿಟ್ಟ ಅಭಿಪ್ರಾಯದ ಚೀಟಿಯಲ್ಲಿ ಇಷ್ಟನ್ನೇ ಬರೆದೆ: ನಾಲ್ಕನೇ ಜೋಡಿ ಸೇರಿಸಿ, ಒಂದೇ ತೋಟ, ಒಂದೇ ತಯಾರಕರು, ಎರಡು ವರ್ಷ, ಒಂದು ಸೆಕೆಯದು, ಒಂದು ತಂಪಿನದು. ರೀಸ್ಲಿಂಗ್ ಎರಡನ್ನೂ ಡ್ರೈ ಮಾಡಿ. ಬಿಳಿ ವೈನ್ ಅನ್ನು ಸುರಿಯುವ ಮುಂಚೆ ಒಂದಿಷ್ಟು ಹೊತ್ತು ಫ್ರಿಜ್‌ನಿಂದ ಹೊರಗಿಡಿ.

ಹೋಗುವವರಿಗೆ ನನ್ನ ಸಲಹೆ, ಅವರು ಹೇಳಿದ ಕ್ರಮ ಬಿಟ್ಟು ಸಾಧ್ಯವಾದರೆ ಪ್ರತಿ ಗ್ಲಾಸ್‌ನಲ್ಲೂ ಒಂದು ಗುಟುಕು ಉಳಿಸಿಕೊಳ್ಳಿ. ಕೊನೆಗೆ ಮೋಸೆಲ್ ಮತ್ತು ಸ್ಯಾಂ ಜೋಸೆಫ್ ಎರಡನ್ನು ಒಂದರ ಹಿಂದೆ ಒಂದು ಕುಡಿದು ನೋಡಿ. ಒಂದು ಬಿಳಿ, ಒಂದು ಕೆಂಪು, ದ್ರಾಕ್ಷಿಯೂ ಬೇರೆ. ಆದರೂ ನಾಲಿಗೆಯ ಬದಿಯಲ್ಲಿ ನೀರೂರುವ ರೀತಿ ಎರಡಕ್ಕೂ ಒಂದೇ ಥರ ಇರುತ್ತದೆ.